ಹೆಂಗಸರ ಕಡೆಯ ಮೈಕು

ಎರಡು ವರ್ಷದ ಹಿಂದೆ ಕೊಳ್ಳೇಗಾಲದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಕೆಲಸ ಸಿಕ್ಕಿ ನಾನು ಮೈಸೂರು ಬಿಟ್ಟು ಬಂದೆ. ಊರಿನಲ್ಲಿ ಯಾರ ಪರಿಚಯವೂ ಇರಲಿಲ್ಲ. ಭಾನುವಾರದ ಆರಾಧನೆಗೆ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಒಂದು ಚಿಕ್ಕ ಚರ್ಚಿಗೆ ಹೋಗತೊಡಗಿದೆ. ಮೈಸೂರಿನ ನಮ್ಮ ಚರ್ಚಿನಲ್ಲಿ ನಾಲ್ಕು ವರ್ಷ ಸೌಂಡ್ ನೋಡಿಕೊಂಡಿದ್ದೆ. ಹೆಚ್ಚು ಮಾತಾಡದ ನನ್ನಂಥವಳಿಗೆ ಅದು ಒಳ್ಳೆಯ ಜಾಗ. ಎಲ್ಲರ ಹಿಂದೆ ಕೂತಿರಬಹುದು, ಯಾರೂ ತಿರುಗಿ ನೋಡುವುದಿಲ್ಲ.

ಇಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದವರು ಜ್ಞಾನಣ್ಣ. ಅರವತ್ತು ದಾಟಿದವರು, ವಾರವೆಲ್ಲ ರೇಷ್ಮೆ ರೀಲಿಂಗ್ ಯೂನಿಟ್‌ಗಳ ಮೋಟಾರ್ ರಿಪೇರಿ, ಭಾನುವಾರ ಚರ್ಚಿನ ಮೈಕು. ನಾನು ಸಹಾಯಕ್ಕೆ ಬರಬಹುದೇ ಎಂದು ಕೇಳಿದಾಗ ಅವರು ನನ್ನನ್ನೂ ಮೈಕುಗಳನ್ನೆಲ್ಲ ಜೋಡಿಸುವ ಮಿಕ್ಸರನ್ನೂ ಸರದಿಯಂತೆ ನೋಡಿದರು. "ಮೈಕ್ ಸೆಟ್ಟಿಗೆ ಎಣ್ಮಕ್ಳಾ? ಬನ್ನಿ ಬನ್ನಿ. ವೈರ್ ಸುತ್ತಾಕೆ ನಂಗೂ ಬೆನ್ನು ಬಗ್ಗಾಕಿಲ್ಲ" ಎಂದರು.

ಹೊಸ ಜಾಗದಲ್ಲಿ ಯಾರಿಗೂ ಬೇಜಾರು ಮಾಡಬಾರದೆಂದು ನಾನು ಎರಡು ತೀರ್ಮಾನ ಮಾಡಿಕೊಂಡಿದ್ದೆ. ಕೇಳದೆ ಏನನ್ನೂ ಮುಟ್ಟುವುದಿಲ್ಲ. "ಮೈಸೂರಿನಲ್ಲಿ ಹೀಗೆ ಮಾಡುತ್ತಿದ್ದೆವು" ಎನ್ನುವುದಿಲ್ಲ. ಎರಡು ತಿಂಗಳು ಎರಡನ್ನೂ ಪಾಲಿಸಿದೆ. ವೈರ್ ಸುತ್ತಿದೆ, ಮೈಕಿನ ಬ್ಯಾಟರಿ ಬದಲಿಸಿದೆ. ಮಿಕ್ಸರಿನಲ್ಲಿ ಒಂದೊಂದು ಮೈಕಿಗೂ ದನಿ ಏರಿಸಿ ಇಳಿಸಲು ಒಂದೊಂದು ಜಾರುವ ಗುಂಡಿ ಇರುತ್ತದೆ, ಫೇಡರ್ ಎನ್ನುತ್ತೇವೆ. ಯಾವುದು ಎಲ್ಲಿ ನಿಲ್ಲಬೇಕೆಂದು ಜ್ಞಾನಣ್ಣ ತಮ್ಮ ಹೆಂಡತಿಯ ಕೆಂಪು ನೇಲ್ ಪಾಲಿಶ್‌ನಲ್ಲಿ ಚುಕ್ಕಿ ಇಟ್ಟಿದ್ದರು. ಆ ಚುಕ್ಕಿಗಳನ್ನು ನಾನು ಗೌರವದಿಂದಲೇ ನೋಡುತ್ತಿದ್ದೆ. ನಾಲ್ಕನೆಯ ಫೇಡರಿನ ಚುಕ್ಕಿ ಮಾತ್ರ ತೀರ ಕೆಳಗೆ, ಸೊನ್ನೆಯ ಮೇಲಿತ್ತು. ಬಳಕೆಯಲ್ಲಿ ಇಲ್ಲದ್ದಿರಬೇಕು ಅಂದುಕೊಂಡೆ.

ಒಂದು ಭಾನುವಾರ ಜ್ಞಾನಣ್ಣ ಮಾರ್ಟಳ್ಳಿಯ ಮದುವೆಯೊಂದಕ್ಕೆ ಮೈಕ್ ಸೆಟ್ ಕಟ್ಟಲು ಹೋಗಬೇಕಾಯಿತು. "ಏನೂ ಮುಟ್‌ಬ್ಯಾಡಿ, ಸುಮ್ನೆ ನೋಡ್ಕತಾ ಇರಿ" ಎಂದು ಹೇಳಿ ಹೋದರು. ಮಿಕ್ಸರಿನಲ್ಲಿ ಒಂದೊಂದು ಮೈಕನ್ನೂ ಬೇರೆಯಾಗಿ ಹೆಡ್‌ಫೋನಿನಲ್ಲಿ ಕೇಳುವ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಹೊರಗಿನ ದನಿ ಬದಲಾಗುವುದಿಲ್ಲ. ಹಾಗಾಗಿ ಅದು ಮುಟ್ಟಿದಂತೆ ಆಗದು ಎಂದು ನನಗೆ ನಾನೇ ಹೇಳಿಕೊಂಡೆ.

ಹೆಂಗಸರು ಕೂರುವ ಕಡೆ ಇದ್ದ ಮೈಕಿನ ಮುಂದೆ ರೂತಮ್ಮಜ್ಜಿ ಸತ್ಯವೇದದ, ಅಂದರೆ ಬೈಬಲಿನ, ಪಾಠ ಓದಲು ಎದ್ದರು. ಎಂಬತ್ತರ ಹತ್ತಿರದವರು, ಬಿಳಿ ಸೀರೆ, ಕನ್ನಡಕಕ್ಕೆ ದಾರ. ಅವರ ಮೈಕು ಯಾವುದೆಂದು ಹುಡುಕುತ್ತ ನಾನು ನಾಲ್ಕನೆಯ ಬಟನ್ ಒತ್ತಿದೆ. ಅಜ್ಜಿಯ ದನಿ ಕಿವಿಯೊಳಗೆ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. ಪ್ರತಿ ಅಕ್ಷರವನ್ನೂ ಬಿಡಿಸಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಓದುತ್ತಿದ್ದರು. ಹೆಡ್‌ಫೋನ್ ತೆಗೆದೆ. ಚರ್ಚಿನೊಳಗೆ ಫ್ಯಾನಿನ ಸದ್ದು, ಯಾರದೋ ಕೆಮ್ಮು, ಅದರ ನಡುವೆ ಒಂದು ಗೊಣಗಾಟ. ಮತ್ತೆ ಹಾಕಿಕೊಂಡೆ. ಅಷ್ಟು ಜನರಿದ್ದ ಆ ಕಟ್ಟಡದಲ್ಲಿ ಅಜ್ಜಿ ಓದುತ್ತಿದ್ದುದು ನನ್ನೊಬ್ಬಳಿಗೆ ಕೇಳಿಸುತ್ತಿತ್ತು.

ಓದಿ ಮುಗಿಸಿ ಪುಸ್ತಕ ಮುಚ್ಚುವಾಗ ಅಜ್ಜಿ ಮೈಕಿನ ಹತ್ತಿರವೇ ಮೆಲ್ಲಗೆ ಅಂದರು: "ಆಯ್ತಪ್ಪ ಸ್ವಾಮಿ. ನಿಂಗೊಬ್ಬನ್ಗೆ ಕೇಳ್ಸುದ್ರೆ ಸಾಕು."

ಮೈಕು ಸತ್ತಿದೆ ಎಂದು ಅವರಿಗೆ ಗೊತ್ತಿತ್ತು.

ಮುಂದಿನ ಶನಿವಾರ ಜ್ಞಾನಣ್ಣನನ್ನು ಕೇಳಿದೆ. ಅವರು ಗೋಡೆಯ ಮೇಲಿನ ಸ್ಪೀಕರ್ ಪೆಟ್ಟಿಗೆಯನ್ನು ಗದ್ದದಿಂದಲೇ ತೋರಿಸಿದರು. "ಅಗೋ, ಅದ್ರ ಕ್ಯಾಮೆ. ಮೈಕ್ ನೆತ್ತಿ ಮ್ಯಾಲೆ ಕುಂತದೆ. ಏರ್ಸುದ್ರೆ ಕುಯ್ ಅಂತದೆ. ಒಂದ್ಸಲ ಕ್ರಿಸ್ಮಸ್ ದಿನ್ವೇ ಕುಯ್ ಅಂದು, ಎಲ್ರೂ ಕಿವಿ ಮುಚ್ಕಂಡು, ನಂಗೆ ಬೈಗ್ಳ. ಅವತ್ತಿಂದ ಇಳ್ಸ್‌ಬುಟ್ಟೆ."

"ಹೆಂಗಸರಿಗೆ ಹೇಳಿದ್ದೀರಾ?"

"ಏಳುದ್ರೆ ಬೇಜಾರ್ ಮಾಡ್ಕತಾರೆ ಅಂತ ಏಳ್ಲಿಲ್ಲ."

"ಪೆಟ್ಟಿಗೇನ ಆ ಮುಂದಿನ ಕಂಬಕ್ಕೆ ಹಾಕಿದ್ರೆ ಸರಿಹೋಗುತ್ತಲ್ಲ ಅಣ್ಣ?"

"ಓಗ್ತದೆ. ಆದ್ರೆ ಎಸ್ರು?"

ಆಗ ಗಮನಿಸಿದೆ. ಪೆಟ್ಟಿಗೆಯ ಒಂದು ಪಕ್ಕದ ಮೇಲೆಯೇ ಹಳದಿ ಬಣ್ಣದ ದೊಡ್ಡ ಅಕ್ಷರಗಳಲ್ಲಿ "ದಿ. ಸಾಮ್ಯುವೆಲಪ್ಪನವರ ಜ್ಞಾಪಕಾರ್ಥ" ಎಂದು ಬರೆದಿತ್ತು. ಈಗಿರುವ ಜಾಗದಲ್ಲಿ ಬಾಗಿಲಿಂದ ಒಳಗೆ ಬಂದವರಿಗೆಲ್ಲ ಆ ಹೆಸರು ಕಾಣುತ್ತದೆ. ಕಂಬಕ್ಕೆ ಹಾಕಿದರೆ ಆ ಪಕ್ಕ ಕಂಬಕ್ಕೆ ಅಂಟಿಕೊಳ್ಳುತ್ತದೆ. ಸಾಮ್ಯುವೆಲಪ್ಪ ಎಂದರೆ ರೂತಮ್ಮಜ್ಜಿಯ ತೀರಿಹೋದ ಗಂಡ. ಪೆಟ್ಟಿಗೆ ಕೊಡಿಸಿದವರು ಅವರ ಮಗ ಪ್ರಸಾದ್, ಚರ್ಚಿನ ಸಭೆಯ ಕಾರ್ಯದರ್ಶಿ.

ಮಗನಿಗೆ ಬೇಜಾರಾಗಬಾರದೆಂದು ಪೆಟ್ಟಿಗೆ ಅಲ್ಲೇ ಇತ್ತು. ಹೆಂಗಸರಿಗೆ ಬೇಜಾರಾಗಬಾರದೆಂದು ಸತ್ತ ಮೈಕನ್ನು ಅವರ ಮುಂದೆ ನಿಲ್ಲಿಸಿದ್ದರು. ಇನ್ನು ಜ್ಞಾನಣ್ಣನಿಗೆ ಬೇಜಾರಾಗಬಾರದೆಂದು ನಾನೂ ವೈರ್ ಸುತ್ತಿಕೊಂಡು ಸುಮ್ಮನಿರಬೇಕಿತ್ತು. ಆ ಸರಣಿಯಲ್ಲಿ ಇನ್ನೊಬ್ಬಳಾಗಲು ನನಗೆ ಮನಸ್ಸಾಗಲಿಲ್ಲ.

ಆದರೂ ಕ್ರಮವಾಗಿಯೇ ಹೋದೆ. ಆರಾಧನೆ ಮುಗಿದ ಮೇಲೆ ಪ್ರಸಾದ್ ಸರ್ ಬಳಿ ವಿಷಯ ಹೇಳಿ, ಹೆಸರನ್ನು ಪೆಟ್ಟಿಗೆಯ ಇನ್ನೊಂದು ಪಕ್ಕಕ್ಕೆ ಬರೆಸಬಹುದು ಎಂದೂ ಹೇಳಿದೆ. ಅವರು ನಗುತ್ತಲೇ ಕೇಳಿಸಿಕೊಂಡರು. "ಮೇಡಂ, ಅದು ಪ್ರಾರ್ಥನೆ ಮಾಡಿ ಏರ್ಸಿರೋ ಪೆಟ್ಟಿಗೆ. ನೀವು ಬಂದು ಎಷ್ಟ್ ದಿನ ಆಯ್ತು?"

"ಎರಡು ತಿಂಗಳು ಸರ್."

"ಸೌಂಡ್ ಕೆಲ್ಸ ಮಾಡೋರು ಕಾಣಿಸ್ಬಾರ್ದು ಮೇಡಂ. ನೀವು ಸ್ವಲ್ಪ ಜಾಸ್ತಿನೇ ಕಾಣಿಸ್ತಾ ಇದೀರಿ."

ಸುತ್ತ ನಿಂತಿದ್ದ ಇಬ್ಬರು ನಕ್ಕರು. ನಾನು ವೈರ್ ಸುತ್ತಿಟ್ಟು ಹೊರಟೆ. ರೂಮಿಗೆ ಹೋಗುವವರೆಗೂ ಕಿವಿ ಬಿಸಿಯಾಗಿತ್ತು.

ಮುಂದಿನ ಶನಿವಾರ ಸಂಜೆ ಜ್ಞಾನಣ್ಣ ಟೀ ಕುಡಿಯಲು ಹೊರಗೆ ಹೋದಾಗ, ಕೇಳದೆ ಮುಟ್ಟಿದೆ. ನಾಲ್ಕನೆಯ ಫೇಡರನ್ನು ಕೂದಲೆಳೆಯಷ್ಟೇ ಏರಿಸುತ್ತ ಹೋದೆ. ಒಂದು ಹಂತದಲ್ಲಿ ಪೆಟ್ಟಿಗೆ ಸಣ್ಣಗೆ ಗುನುಗಿತು. ಅದಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ ಪೆನ್ಸಿಲಿನಲ್ಲಿ ಗೆರೆ ಹಾಕಿದೆ. ಇಡೀ ಗಾಯನಕ್ಕೆ ಅದು ಸಾಲದು. ಒಬ್ಬ ಅಜ್ಜಿ ಓದಿದ್ದು ಕೊನೆಯ ಬೆಂಚಿಗೆ ತಲುಪಲು ಸಾಕು.

ಭಾನುವಾರ ಅಜ್ಜಿ ಓದಲು ಎದ್ದಾಗ ಜ್ಞಾನಣ್ಣ ನನ್ನ ಪಕ್ಕದಲ್ಲೇ ಇದ್ದರು. "ಅಣ್ಣ, ನಾನು ನಾಲ್ಕನೇದು ಏರಿಸ್ತೀನಿ. ಕುಯ್ ಅಂದ್ರೆ ಬೈಗುಳ ನನಗೆ" ಎಂದೆ. ಅವರು ಪೆನ್ಸಿಲ್ ಗೆರೆಯನ್ನು ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಎದ್ದು ನಿಂತು, "ಬಾಯ್ ಒಣಗ್ತಾದೆ, ನೀರ್ ಕುಡ್ದ್ ಬತ್ತೀನಿ" ಎಂದು ಬಾಗಿಲಾಚೆ ಹೋಗಿ ನಿಂತರು.

ಏರಿಸಿದೆ. ಅಜ್ಜಿಯ ದನಿ ಗೋಡೆಯಿಂದ ಗೋಡೆಗೆ ತಲುಪಿತು. ಮೊದಲ ಸಾಲಿಗೇ ಅವರು ಬೆಚ್ಚಿ ನಿಂತರು. ಮೈಕನ್ನು ನೋಡಿ, ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. ತಲೆ ಬಗ್ಗಿಸಿದ್ದ ಜನ ಒಬ್ಬೊಬ್ಬರಾಗಿ ತಲೆ ಎತ್ತಿದರು. ನನ್ನ ಕೈ ಫೇಡರಿನ ಮೇಲೆಯೇ ಇತ್ತು. ಪಾಠ ಮುಗಿಯಿತು. ಆ ಸಂತೋಷದಲ್ಲಿ ನಾನು ಒಂದನ್ನು ಮರೆತೆ, ಅಜ್ಜಿಯೂ ಮರೆತರು. ಪುಸ್ತಕ ಮುಚ್ಚುತ್ತ ಅವರು ಅಭ್ಯಾಸದಂತೆ ಅಂದರು:

"ಆಯ್ತಪ್ಪ ಸ್ವಾಮಿ. ನಿಂಗೊಬ್ಬನ್ಗೆ ಕೇಳ್ಸುದ್ರೆ ಸಾಕು."

ಅದು ಎಲ್ಲರಿಗೂ ಕೇಳಿಸಿತು. ಹುಡುಗಿಯರ ಬೆಂಚು ಕಿಸಕ್ಕೆಂದಿತು. ಹಿಂದಿನಿಂದ ಯಾರೋ, "ನಮ್ಗೂ ಕೇಳ್ಸ್ತು ಕಣಜ್ಜಿ!" ಎಂದರು. ಚರ್ಚೆಲ್ಲ ನಕ್ಕಿತು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು. ನಾನು ಫೇಡರ್ ಇಳಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆರಾಧನೆ ಮುಗಿದ ಕೂಡಲೇ ಪ್ರಸಾದ್ ಸರ್ ಅಜ್ಜಿಯ ಕೈ ಹಿಡಿದುಕೊಂಡು ನೇರ ಮಿಕ್ಸರಿನ ಮೇಜಿಗೆ ಬಂದರು. ಈ ಸಲ ನಗು ಇರಲಿಲ್ಲ. "ನಮ್ಮವ್ವನ್ನ ಸಭೆ ಮುಂದೆ ನಗೆಪಾಟ್ಲು ಮಾಡಿದ್ರಿ. ತಪ್ಪಾಯ್ತು ಅನ್ನಿ. ಇಲ್ಲಾಂದ್ರೆ ಇನ್ಮುಂದೆ ಈ ಮೇಜಿಗೆ ಬರ್ಬೇಡಿ."

ಜನ ಸುತ್ತುಗಟ್ಟಿದ್ದರು. ಇಷ್ಟು ಜನ ನನ್ನನ್ನೇ ನೋಡುವುದೆಂದರೆ ನನಗೆ ಆಗದ ಮಾತು. ಆ ಊರಿನಲ್ಲಿ ನನಗೆ ಇದ್ದುದೂ ಆ ಒಂದು ಮೇಜೇ. ಆದರೂ ದನಿ ಸರಿಯಾಗಿಯೇ ಬಂತು. "ಅಜ್ಜಿ, ನಿಮ್ಮ ಸ್ವಂತ ಮಾತು ಹೊರಗೆ ಬಂತು. ಅದು ನನ್ನ ತಪ್ಪು, ಕ್ಷಮಿಸಿ. ಮೈಕ್ ಏರಿಸಿದ್ದಕ್ಕೆ ಕ್ಷಮೆ ಕೇಳಲ್ಲ. ಅದು ತಪ್ಪಲ್ಲ."

"ನೋಡುದ್ರಾ ಸೊಕ್ಕು!" ಎಂದರು ಪ್ರಸಾದ್ ಸರ್, ಸುತ್ತ ನಿಂತವರಿಗೆ.

ಅಜ್ಜಿ ಮಗನ ಕೈ ಬಿಡಿಸಿಕೊಂಡರು. "ತಡೀಲಾ. ಮೈಕು ಇಷ್ಟ್ ವರ್ಷ ಯಾಕ್ ಸತ್ತಿತ್ತು? ಅದ್ನ ಯೋಳ್ರಿ ಮೊದ್ಲು."

ಬಾಗಿಲಲ್ಲಿ ನಿಂತಿದ್ದ ಜ್ಞಾನಣ್ಣ ಹೇಳಿದರು: "ಅಪ್ಪೋರ್ ಪೆಟ್ಟಿಗೆ ಅಡ್ಡ ಅದೆ ಕಣವ್ವ. ಜರುಗ್ಸುದ್ರೆ ಎಸ್ರು ಮರೆ ಆಯ್ತದೆ ಅಂತ…"

ಅಜ್ಜಿ ಪೆಟ್ಟಿಗೆಯ ಮೇಲಿನ ಹಳದಿ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಮಗನ ಕಡೆ ತಿರುಗಿದರು. "ನಿಮ್ಮಪ್ಪ ಇದ್ದಾಗ ಮನೇಲಿ ನಂಗೆ ಬಾಯ್ ಬುಡಾಕೆ ಬುಡ್ನಿಲ್ಲ. ಈಗ ದೇವ್ರ ಮನೇಲೂ ಅವರ್ನೇ ತಂದು ನನ್ ತಲೆ ಮ್ಯಾಲೆ ಕೂರ್ಸಿದ್ದೀಯಲ್ಲೋ!"

ಈ ಸಲ ನಕ್ಕವರು ಹೆಂಗಸರು. ಅಜ್ಜಿ ಹೋಗುತ್ತ ನನ್ನ ಗಲ್ಲ ತಟ್ಟಿ, "ಒಳ್ಳೆ ಕೆಲ್ಸ ಮಾಡ್ದೆ ಮೊಗ. ಮಾನ ಒಂದಿಷ್ಟು ಓಯ್ತು, ಓಗ್ಲಿ ಬುಡು" ಎಂದರು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಿರಿಯರು ಕೂತು ಮಾತಾಡಿ, ನಾನು ಕೆಲವು ದಿನ "ರೆಸ್ಟ್" ತೆಗೆದುಕೊಳ್ಳಬೇಕೆಂದು ಹೇಳಿ ಕಳಿಸಿದರು. ಊರಿನಲ್ಲಿ ಬೇರೆ ಚರ್ಚುಗಳೂ ಇವೆಯಲ್ಲ ಎಂದು ಒಬ್ಬರು ಕಾಳಜಿಯ ದನಿಯಲ್ಲಿ ನೆನಪಿಸಿದರು. ನಾನು ಹೋಗಲಿಲ್ಲ. ಆರು ಭಾನುವಾರ ಹೆಂಗಸರ ಕಡೆ ಎರಡನೆಯ ಬೆಂಚಿನಲ್ಲಿ, ಎಲ್ಲರಿಗೂ ಕಾಣುವಂತೆ ಕೂತೆ. ಬೆನ್ನ ಮೇಲೆ ಅಷ್ಟು ಕಣ್ಣುಗಳನ್ನು ಹೊತ್ತು ಕೂರುವುದು ನನಗೆ ಸುಲಭವಾಗಿರಲಿಲ್ಲ. ಆದರೆ ಆ ಆರು ಭಾನುವಾರವೂ ಯಾರು ಓದಿದರೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಫೇಡರನ್ನು ಯಾರೋ ನನ್ನ ಗೆರೆಗೇ ಏರಿಸಿ ಇಡುತ್ತಿದ್ದರು.

ಏಳನೆಯ ವಾರ, ಶನಿವಾರ ಬೆಳಿಗ್ಗೆ ಜ್ಞಾನಣ್ಣ ಫೋನ್ ಮಾಡಿದರು. "ಮೇಡಮ್ಮೋರೇ, ಏಣಿ ಇಡ್ಕಳಾಕೆ ಒಬ್ರು ಬೇಕು. ಅಜ್ಜಿ ಅಪ್ಪಣೆ ಕೊಟ್ಟವ್ರೆ." ಹೋದೆ. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಇಳಿಸಿ ಕಂಬಕ್ಕೆ ಹಾಕಿದೆವು. ಹಳದಿ ಅಕ್ಷರಗಳು ಕಂಬದ ಕಡೆಗೆ ಹೋದವು. ವೈರ್ ಜೋಡಿಸಲು ಮಿಕ್ಸರಿನ ಮುಂದೆ ಕೂತಾಗ ನೋಡಿದೆ: ನಾಲ್ಕನೆಯ ಫೇಡರಿನ ಹಳೆಯ ಚುಕ್ಕಿಯನ್ನು ಕೆರೆದು ತೆಗೆದಿದ್ದರು. ನನ್ನ ಪೆನ್ಸಿಲ್ ಗೆರೆಯ ಮೇಲೆ ಹೊಸ ಕೆಂಪು ಚುಕ್ಕಿ ಇತ್ತು. ಪೆಟ್ಟಿಗೆ ಜರುಗಿದ್ದರಿಂದ ಈಗ ಅದಕ್ಕಿಂತಲೂ ಮೇಲೆ ಏರಿಸಬಹುದಿತ್ತು. ಇಬ್ಬರೂ ಸೇರಿ ಇನ್ನೊಂದು ಚುಕ್ಕಿ ಇಟ್ಟೆವು.

ಪ್ರಸಾದ್ ಸರ್ ಇಂದಿಗೂ ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಾರೆ. ಅವರಿಗೆ ಬೇಜಾರಾಗಿದೆ, ಅದು ನನಗೆ ಗೊತ್ತಿದೆ. ಇರಲಿ. ಆ ಬೇಜಾರನ್ನು ಹೋಗಲಾಡಿಸಲು ನಾನು ಫೇಡರ್ ಇಳಿಸುವುದಿಲ್ಲ.

ಇಳಿಸುವುದು ಒಂದೇ ಹೊತ್ತಿನಲ್ಲಿ. ರೂತಮ್ಮಜ್ಜಿ ಓದಿ ಮುಗಿಸಿ, ಪುಸ್ತಕದ ಮೇಲೆ ಕೈ ಇಟ್ಟು ನನ್ನ ಕಡೆ ನೋಡುತ್ತಾರೆ. ನಾನು ನಾಲ್ಕನೆಯದನ್ನು ಸೊನ್ನೆಗೆ ಎಳೆದು, ಹೆಡ್‌ಫೋನನ್ನೂ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಅಜ್ಜಿಯ ತುಟಿ ಅಲುಗುತ್ತದೆ. ಈಗ ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ.