ಬಾಂಬು ಕರೆಯುವ ಕೆಲಸ

ನನ್ನ ಗಂಡ ಮಿಲಿಟರಿಯಲ್ಲಿ ಬಡಗಿ. ಸೇರುವ ಮೊದಲು ಯಕ್ಷಗಾನದ ಕಿರೀಟ, ಭುಜಕೀರ್ತಿ ಮಾಡುತ್ತಿದ್ದವರು. ಹಗುರ ಮರಕ್ಕೆ ಬೇಗಡೆ ಅಂಟಿಸಿ, ದೂರದಿಂದ ಬಂಗಾರವೇ ಅನ್ನಿಸುವಂತೆ ಮಾಡುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಉಳಿ ಹಿಡಿಯುವವರಿಗೆ ಎಂಥ ಅಪಾಯ ಎಂದುಕೊಂಡು ನಾನು ಕಾಪುವಿನಲ್ಲಿ ಅತ್ತೆಯ ಜೊತೆ ನಿಶ್ಚಿಂತೆಯಿಂದಿದ್ದೆ.

ಎಪ್ಪತ್ತೊಂದರ ಯುದ್ಧಕ್ಕೆ ಸ್ವಲ್ಪ ಮೊದಲು ರಜೆಯಲ್ಲಿ ಬಂದರು. ಒಂದು ಮಧ್ಯಾಹ್ನ ಉಂಡೆದ್ದವರು, ಹೇಳಬಾರದ್ದನ್ನು ಖುಷಿಯಲ್ಲಿ ಹೇಳಿಬಿಟ್ಟರು. ಗಡಿಯ ಹತ್ತಿರ ಖಾಲಿ ಬಯಲಿನಲ್ಲಿ ಬಿದಿರು, ಗೋಣಿಬಟ್ಟೆ, ಬಣ್ಣ ಸೇರಿಸಿ ಸುಳ್ಳು ವಿಮಾನಗಳನ್ನು ಕಟ್ಟುತ್ತಿದ್ದಾರಂತೆ. ಮೇಲಿನಿಂದ ನೋಡಿದವನಿಗೆ ಅದು ನಿಜವಾದ ವಿಮಾನ ನಿಲ್ದಾಣವೇ.

"ನೋಡಿದವ ಎಂತ ಮಾಡುದು?" ಎಂದೆ.

"ಬಾಂಬು ಹಾಕುದು. ಅದಕ್ಕೇ ಅಲ್ವಾ ಮಾರಾಯ್ತಿ ಕಟ್ಟುದು?"

"ಆಗ ನೀವು ಎಲ್ಲಿ ಇರುದು?"

ಅವರು ಉಗುರು ನೋಡಿಕೊಂಡರು. "ಅಲ್ಲೇ ಹತ್ತಿರ ಅಡಗಲಿಕ್ಕೆ ಹೊಂಡ ಉಂಟು. ರಾತ್ರಿ ದೀಪ ಹಚ್ಚಲಿಕ್ಕೆ ಜನ ಬೇಕಲ್ಲ. ಅಮ್ಮನಿಗೆ ಹೇಳಬೇಡ."

ಕೆಲಸ ಚಂದವಾದಷ್ಟೂ ಬಾಂಬು ಹತ್ತಿರ! ಅವರ ಕೈ ಹಿಡಿದು ಬೇಡಿಕೊಂಡೆ. "ಸ್ವಲ್ಪ ಕೆಟ್ಟದಾಗಿ ಮಾಡಿ. ಒಂದು ರೆಕ್ಕೆ ಗಿಡ್ಡ ಆಗಲಿ. ನೋಡಿದವ ನಕ್ಕು ಹೋಗಲಿ."

"ಹೋದವ ನಿಜವಾದದ್ದರ ಮೇಲೆ ಹಾಕ್ತಾನೆ. ಅಲ್ಲಿಯೂ ಜನ ಉಂಟಲ್ಲ," ಎಂದರು. ಮತ್ತೆ, "ಕೆಟ್ಟದಾಗಿ ಮಾಡ್ಲಿಕ್ಕೆ ನನಗೆ ಬರುದೂ ಇಲ್ಲ."

ಆ ಹೆಮ್ಮೆಗೆ ಬೆಂಕಿ ಹಾಕಬೇಕು ಅನ್ನಿಸಿತು.

ಯುದ್ಧ ಶುರುವಾಯಿತು. ನಮ್ಮಲ್ಲೂ ದೀಪ ಹೊರಗೆ ಕಾಣಬಾರದೆಂದರು. ಅತ್ತೆ ಕಿಟಕಿಗೆ ಕಂಬಳಿ ಕಟ್ಟಿ, ಚಿಮಣಿ ದೀಪದ ಬತ್ತಿ ಇಳಿಸುತ್ತಿದ್ದರು. ಇಲ್ಲಿ ನಾವು ಅಷ್ಟು ಬೆಳಕನ್ನೂ ಅಡಗಿಸುತ್ತಿದ್ದರೆ, ಅಲ್ಲಿ ಅವರ ಮಗ ದೀಪ ಹಚ್ಚಿ ಬಾಂಬನ್ನು ಕರೆಯುತ್ತಿದ್ದ. "ಅವನದ್ದು ಮರದ ಕೆಲಸ, ಹೆದರಿಕೆ ಇಲ್ಲ," ಎಂದು ಅತ್ತೆಯೇ ನನಗೆ ಧೈರ್ಯ ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ.

ಒಂದು ಬೆಳಿಗ್ಗೆ ಪಕ್ಕದ ಮನೆಯ ರೇಡಿಯೋ, ಶತ್ರುವಿನ ವಿಮಾನಗಳು ಗುರಿ ತಪ್ಪಿ ಖಾಲಿ ಬಯಲಿಗೆ ಬಾಂಬು ಹಾಕಿದವು ಎಂದಿತು. ಕೇಳಲು ಸೇರಿದ್ದವರೆಲ್ಲ ಚಪ್ಪಾಳೆ ತಟ್ಟಿ ನಕ್ಕರು. ಅತ್ತೆಯೂ ನಕ್ಕರು. ನಾನು ಬಾಗಿಲ ದಾರಂದ ಹಿಡಿದು ನಿಂತೆ.

ಯುದ್ಧ ಮುಗಿದು ಎಷ್ಟೋ ದಿನಗಳ ಮೇಲೆ ಅವರು ಬಂದು ಅಂಗಳದಲ್ಲಿ ಟ್ರಂಕು ಇಳಿಸಿದರು. "ಒಂದು ರೆಕ್ಕೆಯೂ ಉಳಿಯಲಿಲ್ಲ ಮಾರಾಯ್ತಿ," ಎಂದು ನಗುತ್ತಿದ್ದರು.

"ನಾನು ಎಂತ ಹೇಳಿದ್ದೆ ನಿಮಗೆ?" ಎಂದು ಚೀರಿದೆ.

ಅವರು ಅತ್ತೆಯನ್ನು ನೋಡುತ್ತ ನಗುತ್ತಲೇ ಇದ್ದರು. ನಾನು ನಿಂತ ಕಡೆಯ ಕಿವಿ ಪೂರ್ತಿ ಹೋಗಿತ್ತು. ಅದು ತಿಳಿದದ್ದೇ, ಅಳುತ್ತಾ ಇನ್ನೊಂದು ಪಕ್ಕಕ್ಕೆ ಸುತ್ತಿ ಬಂದು, ಅದನ್ನೇ ಮತ್ತೆ ಕೇಳಿದೆ.