ಟಾರ್ಪಾಲು ಹೊದ್ದ ಮುನಿನಾರಾಯಣಪ್ಪ

ಕೆ.ಆರ್. ಪುರಂನ ಬೆನ್ನಿಗೆ ಅಂಟಿಕೊಂಡಿರುವ ಸಂಪಿಗೆಕುಂಟೆಯಲ್ಲಿ ಮುನಿನಾರಾಯಣಪ್ಪನವರ ಸಹಿ ಇಲ್ಲದೆ ಮಗು ಹುಟ್ಟುತ್ತಿರಲಿಲ್ಲ, ಮುದುಕರು ಸಾಯುತ್ತಿರಲಿಲ್ಲ. ನಲ್ಲಿ, ಬೀದಿದೀಪ, ರೇಷನ್ ಕಾರ್ಡು, ಸ್ಮಶಾನದ ಕಾಂಪೌಂಡು, ಊರಿಗೆ ಬಂದದ್ದೆಲ್ಲ ಅವರ ಬೆನ್ನು ಹತ್ತಿಯೇ ಬಂದದ್ದು. ಅವರು ಕೊಟ್ಟ ಅರ್ಜಿಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಮೆಟ್ರೋದವರಿಗೆ ಕಂಬ ಎಬ್ಬಿಸುವ ಖರ್ಚು ಉಳಿಯುತ್ತಿತ್ತು. ಕಚೇರಿಗಳ ಮೆಟ್ಟಿಲು ಹತ್ತಿ ಹತ್ತಿ ಗಂಡನ ಕಾಲು ಸವೆದು ಗಿಡ್ಡವಾಯಿತು ಎನ್ನುತ್ತಿದ್ದರು ಹೆಂಡತಿ ಬೈರಮ್ಮ. ಅವರ ಹಳೇ ಪಂಚೆಗಳು ಬೀದಿ ಗುಡಿಸುತ್ತಿದ್ದುದನ್ನು ನೋಡಿದವರು ನಂಬಲೇಬೇಕಿತ್ತು.

ಅವರ ಬಲಗಿವಿಗೆ ತುದಿ ಇರಲಿಲ್ಲ. ಊರು ನೀರಿಗಾಗಿ ಬಡಿದಾಡುತ್ತಿದ್ದ ಕಾಲದಲ್ಲಿ ಟ್ಯಾಂಕರ್ ಮುಂದೆ ಜಗಳ ಬಿಡಿಸಲು ಹೋದಾಗ, ಬೀಸಿ ಬಂದ ಯಾರದೋ ಕೊಡ ಅದನ್ನು ಹಾರಿಸಿಕೊಂಡು ಹೋಗಿತ್ತು. ಕಿವಿ ಬಿದ್ದ ಜಾಗದಲ್ಲೇ ಮುಂದೆ ಅವರ ಓಡಾಟದಿಂದ ಕಾವೇರಿ ನಲ್ಲಿ ಬಂತು. ನಲ್ಲಿಯ ಸುತ್ತ ಸರ್ಕಲ್ ಬೆಳೆಯಿತು.

ಅವರ ಎದುರಾಳಿ ಪಿಳ್ಳಪ್ಪ. ಆತನೂ ಜನಸೇವಕನೇ. ಊರಿನ ಪುಟ್ಟ ಕೆರೆಯಾದ ಕುಂಟೆ ಸುಮ್ಮನೆ ಬಿದ್ದಿರುವುದನ್ನು ನೋಡಲಾರದೆ, ಒಂದು ಹನಿ ಚೆಲ್ಲದಂತೆ ಅದನ್ನು ಕುಡಿದು, ಸೈಟು ಮಾಡಿ ಮಾರಿ, ನಡುಮಧ್ಯೆ ತನಗೊಂದು ಮೂರಂತಸ್ತಿನ ಮನೆ ಕಟ್ಟಿಕೊಂಡು ತೇಗಿದವನು. ಅವನ ಮೀಸೆ ಎಷ್ಟು ಅಗಲವೆಂದರೆ ಓಣಿಯಲ್ಲಿ ಅದು ಎದುರಾದರೆ ಆಟೋದವರು ರಿವರ್ಸ್ ಹಾಕುತ್ತಿದ್ದರು. ಮುನಿನಾರಾಯಣಪ್ಪನವರದು ನುಣ್ಣಗೆ ಬೋಳಿಸಿದ ಮೂತಿ.

ಊರಿನ ಒಂದು ಕಾಸು ಮುಟ್ಟದ ಮುನಿನಾರಾಯಣಪ್ಪನವರಿಗೆ ಇದ್ದದ್ದು ಒಂದೇ ದುರಾಸೆ: ಆ ಸರ್ಕಲ್ಲಿನಲ್ಲಿ ತಮ್ಮದೊಂದು ಬೊಂಬೆ ನಿಲ್ಲಬೇಕು. ಯಾರ ಹತ್ತಿರವೂ ಅದನ್ನು ಬಾಯಿಬಿಟ್ಟಿರಲಿಲ್ಲ. ಹಾಗಾಗಿ ಊರಿಗೆಲ್ಲ ಗೊತ್ತಿತ್ತು.

ಹೋದ ವರ್ಷ ಎದೆ ಹಿಡಿದುಕೊಂಡು ಅವರು ಆಸ್ಪತ್ರೆ ಸೇರಿದಾಗ ಡಾಕ್ಟರು ಕೈಚೆಲ್ಲಿದರು. ಅವರೇ ಅಧ್ಯಕ್ಷರಾಗಿದ್ದ ಊರ ಸಂಘದ ಕಾರ್ಯದರ್ಶಿ ಕೆಂಪರಾಜ್ ಕಣ್ಣು ಒರೆಸಿಕೊಳ್ಳುತ್ತಲೇ ಜೇಬಿನಿಂದ ಟೇಪು ತೆಗೆದು, ಮಲಗಿದ್ದವರ ತಲೆ ಅಳೆಯತೊಡಗಿದ.

"ಏನಪ್ಪಾ ಅದು?" ಎಂದರು ಬೈರಮ್ಮ.

"ಸುಮ್ನಿರಕ್ಕ. ಅಣ್ಣನ್ನ ಹಂಗೇ ಬಿಟ್ಬಿಡ್ತೀವಾ? ಸರ್ಕಲ್ನಲ್ಲಿ ನಿಲ್ಲಿಸ್ತೀವಿ. ಎದೆಮಟ್ಟ. ಫುಲ್ ಗೋಲ್ಡ್ ಪೇಂಟು."

ಆಕ್ಸಿಜನ್ ಕೈಯಲ್ಲಿ ಆಗದ್ದನ್ನು ಆ ಗೋಲ್ಡ್ ಪೇಂಟು ಮಾಡಿತು. ವಾರದೊಳಗೆ ಮುನಿನಾರಾಯಣಪ್ಪನವರು ಎದ್ದು ಕೂತು ಇಡ್ಲಿ ಕೇಳಿದರು.

ಅಷ್ಟರಲ್ಲಿ ಶಿವಾಜಿನಗರದಲ್ಲಿ ಗೋರಿಕಲ್ಲು ಕೆತ್ತುವ ಬಷೀರ್, ಸಿಮೆಂಟಿನ ಬೊಂಬೆ ಮುಗಿಸಿ ಲಗೇಜ್ ಆಟೋದಲ್ಲಿ ಕಳಿಸಿಯೂ ಆಗಿತ್ತು. ಹರುಕು ಕಿವಿಯನ್ನೂ ಬಿಡದೆ ಮೂಡಿಸಿದ್ದ. ಬದುಕಿರುವವರ ಬೊಂಬೆ ತೆರೆದರೆ ಊರಿಗೆ ಕೇಡು ಎಂದ ಹಿರಿಯರು, ಅದನ್ನು ಸರ್ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ ನೀಲಿ ಟಾರ್ಪಾಲು ಸುತ್ತಿ ಹಗ್ಗ ಬಿಗಿದರು.

"ಇರ್ಲಿ ಬಿಡ್ರಪ್ಪ, ಇನ್ನೆಷ್ಟು ದಿನ," ಎಂದರು.

ದಿನಗಳು ತಿಂಗಳಾದವು. ಮುನಿನಾರಾಯಣಪ್ಪನವರು ಬೆಳಿಗ್ಗೆ ಎದ್ದು ಟಾರ್ಪಾಲಿನ ಮೂಲೆ ಎತ್ತಿ ತಮ್ಮ ಗದ್ದವನ್ನು ನೋಡಿಕೊಳ್ಳುವರು. ಆಮೇಲೆ ಎದುರಿನ ಬೇಕರಿ ಬೆಂಚಿನ ಮೇಲೆ ಕೂತು, ಹೊದಿಕೆಯೊಳಗಿನ ತಮ್ಮನ್ನು ಕಾಯುವರು.

"ಹೆಂಗಿದ್ದೀರಣ್ಣ?" ಎಂದು ಹೋಗಿಬರುವವರು ಕೇಳುವರು.

"ಚೆನ್ನಾಗಿದ್ದೀನಪ್ಪ."

"ಹೌದಾ..." ಎಂದು ಮುಖ ಇಳಿಬಿಟ್ಟುಕೊಂಡು ಮುಂದೆ ಹೋಗುವರು. ಮುನಿನಾರಾಯಣಪ್ಪನವರು ಕೆಮ್ಮಿದರೆ ಹೂವಿನವಳು ಹಾರ ಕಟ್ಟಲು ಶುರುಮಾಡುತ್ತಿದ್ದಳು. ಒಮ್ಮೆ ಸಾಲಾಗಿ ಸೀನಿದ್ದಕ್ಕೆ ಶಾಮಿಯಾನದವನು ಗೂಟ ಹೊಡೆದು, ಕುರ್ಚಿ ಇಳಿಸಿ, ಬೈದುಕೊಂಡು ವಾಪಸ್ ಏರಿಸಿಕೊಂಡು ಹೋದ.

ಒಂದು ದಿನ ಕೆಂಪರಾಜ್ ಪಕ್ಕದಲ್ಲಿ ಬಂದು ಕೂತ. "ಅಣ್ಣಾ, ಬೊಂಬೆ ತೆರೆಯಕ್ಕೆ ಲೀಡರ್ರು ಡೇಟ್ ಕೊಟ್ಟವ್ರೆ. ಎಲೆಕ್ಷನ್ ಅನೌನ್ಸ್ ಆದ್ರೆ ಆಮೇಲೆ ಬರಲ್ಲ. ನಿಮ್ದು ಏನಾದ್ರೂ..."

"ನಂದೇನಪ್ಪಾ?"

"ಏನಿಲ್ಲ. ಮಾತ್ರೆ ಟೈಮ್ಗೆ ತಗೋತಿದ್ದೀರಾ ಅಂತ."

"ತಪ್ಪದೆ ತಗೋತಿದ್ದೀನಿ."

"ಅಷ್ಟೊಂದು ತಗೋಬಾರ್ದಣ್ಣ. ಹೀಟು."

ಊರಿನ ಸಂಕಟ ಮೋಡಕ್ಕೂ ಮುಟ್ಟಿತೇನೋ. ಆ ವಾರ ಸುರಿದ ಮಳೆಗೆ ಮೀನುಗಳು ಬಸ್ಸಿಗೆ ಕಾಯುತ್ತಿದ್ದವು. ಕುಂಟೆ ತನ್ನ ಹಳೇ ಜಾಗ ಹುಡುಕಿಕೊಂಡು ಬಂದು ಪಿಳ್ಳಪ್ಪನ ನಡುಮನೆಯಲ್ಲಿ ಕೂತಿತು. ನೀರನ್ನು ಗದರಿಸಿ ಓಡಿಸಲು ಮಹಡಿಯಿಂದ ಇಳಿದ ಪಿಳ್ಳಪ್ಪ ಮೆಟ್ಟಿಲಲ್ಲಿ ಜಾರಿ ಅಲ್ಲೇ ತೀರಿಕೊಂಡ.

ಮಣ್ಣು ಮಾಡಿ ಬಂದ ಮಾರನೇ ದಿನ ಕೆಂಪರಾಜ್, ಬಷೀರನನ್ನು ಕರೆದುಕೊಂಡು ಮುನಿನಾರಾಯಣಪ್ಪನವರ ಮನೆಗೆ ಬಂದ.

"ಅಣ್ಣಾ, ಲೀಡರ್ರು ನಾಡಿದ್ದು ಬರ್ತಾರೆ. ಬೊಂಬೆ ರೆಡಿ ಇದೆ. ಈಗ ಸತ್ತೋರೂ ರೆಡಿ ಅವ್ರೆ."

ಮುನಿನಾರಾಯಣಪ್ಪನವರಿಗೆ ಅರ್ಥವಾಗಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಹಿಡಿಯಿತು. "ಲೋ, ಅದು ನನ್ನ ಮುಖ ಕಣೋ!"

"ಮುಖ ನಿಮ್ದೇ, ಯಾರಿಲ್ಲ ಅಂದ್ರು? ಹೆಸ್ರು ಮಾತ್ರ ಪಿಳ್ಳಪ್ಪಣ್ಣಂದು."

"ಮೀಸೆ ಕೂರ್ಸೋದು ಒಂದು ಚಾಯ್ ಕುಡಿಯೋ ಅಷ್ಟೇ ಕೆಲ್ಸ, ಸಾಬ್," ಎಂದ ಬಷೀರ್.

"ಕಿವಿ?"

"ಕಿವಿಗೆ ಕೈ ಹಾಕಿದ್ರೆ ತಲೆ ಸೀಳ್ತದೆ. ಇರ್ಲಿ ಬಿಡಿ, ಶೋ ಆಗಿದೆ."

"ನಾನು ಬೇಡ ಅಂದ್ರೆ?"

"ಒಡೆದಾಕಿ ಅವ್ರದೊಂದು ಫೋಟೋ ಇಡ್ತೀವಿ," ಎಂದ ಕೆಂಪರಾಜ್. ಅವನು ಸುತ್ತಿಗೆಯನ್ನೂ ತಂದಿದ್ದ. ಯಾವುದನ್ನೂ ಮರೆಯುವ ಜಾಯಮಾನದವನಲ್ಲ.

ಬೈರಮ್ಮ ಒಳಗಿನಿಂದಲೇ ಕೂಗಿದರು: "ಒಡೀಲಿ ಬಿಡ್ರೀ! ಆ ಕೆರೆಗಳ್ಳನ ಹೆಸ್ರು ಹೊತ್ಕೊಂಡು ಬಿಸ್ಲಲ್ಲಿ ನಿಂತ್ಕೋಬೇಕಾ ನೀವು?"

ಮುನಿನಾರಾಯಣಪ್ಪನವರು ಸುತ್ತಿಗೆಯನ್ನು ನೋಡಿದರು. ತಮ್ಮ ಗದ್ದ ಸವರಿಕೊಂಡರು.

"ಮುಖ ಆದ್ರೂ ಉಳ್ಕೊಳ್ತದಲ್ಲೇ," ಎಂದರು.

ಸಂಘದ ಅಧ್ಯಕ್ಷರೆಂದು ಹಗ್ಗ ಎಳೆಯುವ ಮರ್ಯಾದೆಯೂ ಅವರ ಪಾಲಿಗೇ ಬಂತು. ಟಾರ್ಪಾಲು ಜಾರಿತು. ಬಂಗಾರದ ಬಣ್ಣದ ಮುನಿನಾರಾಯಣಪ್ಪ, ಎರಡು ಪೊರಕೆಯಷ್ಟು ಕರೀ ಮೀಸೆ ಹೊತ್ತು, ಮೂರು ಆಳುದ್ದದ ಹಾರದೊಳಗಿಂದ ಇಣುಕಿದರು.

"ಅದೇ ಕಳೆ! ಪಿಳ್ಳಪ್ಪಣ್ಣ ಎದ್ ಬಂದಂಗೆ ಐತೆ!" ಎಂದು ಹೆಂಗಸರು ಅತ್ತರು. ಕೆಂಪರಾಜ್ ತಮ್ಮ ಕಿವಿಯಲ್ಲಿ ಊದಿದ್ದನ್ನು ಲೀಡರ್ರು ಮೈಕಿನಲ್ಲಿ ಊದಿದರು: ಜನರ ನೀರಿಗಾಗಿ ತನ್ನ ಕಿವಿಯನ್ನೇ ಕೊಟ್ಟ ಪುಣ್ಯಾತ್ಮ ಈ ಪಿಳ್ಳಪ್ಪ! ಚಪ್ಪಾಳೆಯ ಸದ್ದಿಗೆ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಸಿಗ್ನಲ್ ಕಾಯದೆ ಹೊರಟುಬಿಟ್ಟಿತು.

ಮೈಕು ಮುನಿನಾರಾಯಣಪ್ಪನವರ ಕೈಗೆ ಬಂತು. ಬಾಯಿ ತೆರೆದರು. ಇನ್ನೊಂದು ಕೈ ತನ್ನಷ್ಟಕ್ಕೆ ಹರುಕು ಕಿವಿಗೆ ಹೋಯಿತು.

"ಅಣ್ಣಂಗೆ ದುಃಖ ತಡ್ಕೊಳಕ್ಕೆ ಆಗ್ತಿಲ್ಲ," ಎಂದು ಕೆಂಪರಾಜ್ ಮೈಕು ಕಿತ್ತುಕೊಂಡ.

ಈಗಲೂ ಬೆಳಿಗ್ಗೆ ಅವರು ಒದ್ದೆ ಟವೆಲು ಹಿಡಿದು ಸರ್ಕಲ್ಲಿಗೆ ಬರುತ್ತಾರೆ. ಕಾಗೆ ಹಿಕ್ಕೆ ಹಾಕಿದ್ದನ್ನು ಒರೆಸುತ್ತಾರೆ. ಈಚೆಗೆ ಅವರೂ ಮೀಸೆ ಬಿಟ್ಟಿದ್ದಾರೆ. ಬೊಂಬೆಗೂ ತಮಗೂ ಹೋಲಿಕೆ ಇದೆಯೆಂದು ಯಾರಾದರೂ ಒಬ್ಬರು ಹೇಳಲಿ ಎಂಬ ಆಸೆ.

ಮೊನ್ನೆ ಒಬ್ಬಳು ಹೇಳಿದಳು. ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು. ನಲ್ಲಿಗೆ ಕೊಡ ಹಿಡಿದು ಬೊಂಬೆಯನ್ನು ನೋಡಿದಳು, ಇವರ ಮೀಸೆ ನೋಡಿದಳು, ಕಿವಿ ನೋಡಿದಳು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಮೀಸೆ ಏನೋ ಸರಿ ತಾತ. ಪಿಳ್ಳಪ್ಪನೋರ ಥರ ಕಾಣ್ಬೇಕು ಅಂತ ಕಿವೀನೂ ಕುಯ್ಸ್ಕೊಂಡ್ಬಿಟ್ರಾ?"

ಕೊಡ ತುಂಬಿ ಚೆಲ್ಲುತ್ತಿತ್ತು. ಮುನಿನಾರಾಯಣಪ್ಪನವರು ಬಗ್ಗಿ ನಲ್ಲಿ ನಿಲ್ಲಿಸಿ, ಕೊಡವನ್ನು ಅವಳ ಸೊಂಟಕ್ಕೆ ಎತ್ತಿಕೊಟ್ಟರು.