ದಿನಾ ಕಾಫಿ ಕುಡಿಯುವ ಹುಡುಗಿ

ಚಳಿಗಾಲದ ಕಾಫಿಯ ಬಗ್ಗೆ ಬರೆಯುವವರೆಲ್ಲ ಹಬೆಯಿಂದ ಶುರುಮಾಡುತ್ತಾರೆ. ಕಿಟಕಿ, ಮಂಜು, ಎರಡೂ ಕೈಯಲ್ಲಿ ಹಿಡಿದ ಲೋಟ. ಓದಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಸಿಂದಗಿಯ ಚಳಿಯಲ್ಲಿ ಅಂಥ ಮಂಜು ಇರುವುದಿಲ್ಲ. ಒಣಗಾಳಿ ಇರುತ್ತದೆ. ತುಟಿ ಒಡೆಯುತ್ತವೆ, ಹಿಮ್ಮಡಿ ಬಿರಿಯುತ್ತವೆ, ಬಚ್ಚಲೊಲೆಯ ಹೊಗೆ ಕಣ್ಣಿಗೆ ಬಡಿಯುತ್ತದೆ. ಆ ಚಳಿಯಲ್ಲಿ ನಾನು ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆ, ಯಾಕೆಂದರೆ ಅದು ರುಚಿಯಾಗಿತ್ತು. ಇಷ್ಟು ಸಣ್ಣ ಮಾತನ್ನು ಜನರಿಗೆ ನಂಬಿಸಲು ನನ್ನಿಂದ ಆಗಲಿಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲವಿಡೀ ಅದರಲ್ಲೇ ಹೋಯಿತು. ಅದರ ಜೊತೆಗೆ, ಹೆಚ್ಚುಕಡಿಮೆ ಗೊತ್ತಾಗಿದ್ದ ನನ್ನ ಮದುವೆಯೂ.

ನಮ್ಮ ಕಡೆ ಕುಡಿಯುವುದೆಂದರೆ ಚಹಾ. ಎದ್ದವರಿಗೆ ಚಹಾ, ಬಂದವರಿಗೆ ಚಹಾ, ಹೊರಟು ನಿಂತವರಿಗೆ ಇನ್ನೊಂದು ಚಹಾ, ಸತ್ತವರ ಮನೆಗೂ ನೆರೆಯವರು ಮಾಡಿ ಕಳಿಸುವ ಚಹಾ. ಕಾಫಿ ಆ ಸಾಲಿನದಲ್ಲ, ಔಷಧದ ಸಾಲಿನದು. ನೆಗಡಿ ಹಿಡಿದು ಮೂಗು ಕಟ್ಟಿದರೆ ಅವ್ವ ಒಣಶುಂಠಿ, ಮೆಣಸು, ಬೆಲ್ಲ ಕುದಿಸಿ, ಮೇಲೆ ಒಂದು ಚಿಟಿಕೆ ಕಾಫಿಪುಡಿ ಉದುರಿಸಿ, ಹಾಲು ಹಾಕದೆ ಕೊಡುತ್ತಿದ್ದಳು. ಕುಡಿದು ಕೌದಿ ಹೊದ್ದು ಬೆವರಬೇಕು. ಆ ಪುಡಿಯ ಡಬ್ಬಿ ಅಡುಗೆಮನೆಯಲ್ಲಿ ಇರುತ್ತಿರಲಿಲ್ಲ. ತಲೆನೋವಿನ ಮುಲಾಮು, ಅಜವಾನ, ಗುಳಿಗೆಗಳ ಜೊತೆ ಗೋಡೆಯ ಮಾಡದಲ್ಲಿ ಇರುತ್ತಿತ್ತು. ಓಣಿಯ ಒಂದು ಮನೆಯಿಂದ ಕಾಫಿಯ ವಾಸನೆ ಬಂದರೆ ಸಂಜೆಯೊಳಗೆ ಯಾರಾದರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: "ಯಾರಿಗೆ ಆರಾಮಿಲ್ಲರೀ?"

ನನಗೆ ಕಾಫಿಯ ರುಚಿ ಹತ್ತಿದ್ದು ಧಾರವಾಡದಲ್ಲಿ, ಬಿ.ಎಡ್. ಓದುವಾಗ. ಹಾಸ್ಟೆಲಿನ ರೂಮಿನಲ್ಲಿ ಜೊತೆಗಿದ್ದ ಹಾಸನದ ಹುಡುಗಿ ಕಲಿಸಿದಳು. ಮೊದಲ ಗುಟುಕಿಗೇ ಮರುಳಾದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ, ಅದು ಸುಳ್ಳಿರಬೇಕು. ಕಹಿಗೆ ಮುಖ ಕಿವುಚಿರುತ್ತೇನೆ. ಇಷ್ಟವಾದದ್ದರ ಮೊದಲ ದಿನ ಅಷ್ಟು ಚೊಕ್ಕವಾಗಿ ನೆನಪಿರುವುದಿಲ್ಲ, ಆಮೇಲೆ ನಾವೇ ಮಾಡಿಕೊಳ್ಳುತ್ತೇವೆ. ಖಚಿತವಾಗಿ ಗೊತ್ತಿರುವುದು ಇಷ್ಟು: ಊರಿಗೆ ಮರಳಿ ಹೈಸ್ಕೂಲಿನಲ್ಲಿ ಮಾಸ್ತರಿಕೆಗೆ ಸೇರಿದಾಗ ನನ್ನ ಟ್ರಂಕಿನಲ್ಲಿ ಒಂದು ಸ್ಟೀಲಿನ ಫಿಲ್ಟರ್ ಇತ್ತು. ಪುಡಿಯನ್ನು ಬಿಜಾಪುರಕ್ಕೆ ಹೋದವರ ಕೈಯಲ್ಲಿ ತರಿಸುತ್ತಿದ್ದೆ.

ಮಲಗುವ ಮುಂಚೆ ಪುಡಿ ತುಂಬಿ ಬಿಸಿನೀರು ಹೊಯ್ದಿಟ್ಟರೆ ಬೆಳಿಗ್ಗೆಗೆ ಕೆಳಗಿನ ಪಾತ್ರೆಯಲ್ಲಿ ದಪ್ಪ ಡಿಕಾಕ್ಷನ್. ಆಗಷ್ಟೇ ಹಿಂಡಿದ ಎಮ್ಮೆ ಹಾಲು. ಹಾಸನದವಳು ಎಮ್ಮೆ ಹಾಲಿನ ಕಾಫಿ ಕುಡಿದಿದ್ದರೆ ನನ್ನನ್ನೇ ಗುರು ಅನ್ನುತ್ತಿದ್ದಳು. ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ, ಶಾಲು ಹೊದ್ದು, ಅಂಗಳಕ್ಕೆ ಬಿಸಿಲು ಇಳಿಯುವವರೆಗೆ ಕುಡಿಯುತ್ತಿದ್ದೆ. ಆ ಹೊತ್ತು ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ದಿನದಲ್ಲಿ ಅಂಥ ಹೊತ್ತು ಮತ್ತೆ ಬರುತ್ತಿರಲಿಲ್ಲ.

ಇನ್ನು ಆ ಮನುಷ್ಯ. ಬಸವನ ಬಾಗೇವಾಡಿಯಲ್ಲಿ ಮಾಸ್ತರರಿಗೆ ತರಬೇತಿ ಇತ್ತು. ಅವನು ಮುದ್ದೇಬಿಹಾಳದ ಗಣಿತದ ಮಾಸ್ತರ. ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರೂ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋಗುತ್ತಿದ್ದೆವು. ಎಲ್ಲರಿಗೂ ಚಹಾ ಬಂದಾಗ ನಾನು ಕಾಫಿ ಕೇಳಿದೆ. ಅವನೂ "ನನಗೂ ಕಾಫಿನ ಇರ್ಲಿ" ಅಂದ. ಪೊಟ್ಟಣದ ಪುಡಿ, ನೀರು ಹಾಲು, ಅದರಲ್ಲಿ ಏಲಕ್ಕಿ ಬೇರೆ. ಇಬ್ಬರೂ ಒಂದೇ ಸಲ ಮುಖ ಹಿಂಡಿದೆವು, ನಕ್ಕೆವು. ಉಳಿದ ದಿನಗಳಲ್ಲಿ ಗುಂಪು ಕರಗಿ ನಾವಿಬ್ಬರೇ ಅಲ್ಲಿ ಕೂತು ಕೆಟ್ಟ ಕಾಫಿ ಕುಡಿದೆವು. ಅವನು ಹೇಳಿದ ಒಂದು ಮಾತು ನನಗೆ ಬಹಳ ಹಿಡಿಸಿತು: "ಮಂದಿ ಏನ್ ಅಂತಾರ ಅನ್ನೂದು ಒಂದು ಲೆಕ್ಕನ ಅಲ್ಲರೀ." ಇದೇ ಶಬ್ದಗಳಲ್ಲಿ ಹೇಳಿದನೇ? ಆಮೇಲೆ ನಡೆದದ್ದರ ಸಿಟ್ಟಿಗೆ ನಾನೇ ಅದನ್ನು ಹರಿತ ಮಾಡಿರಬಹುದು. ಆದರೆ ಅರ್ಥ ಅದೇ ಇತ್ತು.

ಅವನ ಕಡೆಯ ಹಿರಿಯ ಮಾಸ್ತರರೊಬ್ಬರು ನಮ್ಮ ಮನೆಗೆ ಬಂದು ಮಾತು ತೆಗೆದರು. ಕಾಳಿನ ಅಡತಿ ಅಂಗಡಿ ನಡೆಸುತ್ತಿದ್ದ ಅಪ್ಪನಿಗೆ ಮನೆತನ ಒಪ್ಪಿಗೆಯಾಯಿತು. ನಾನೂ ಹೂಂ ಅಂದೆ, ಒಳಗೊಳಗೆ ಕುಣಿದೆ. ನಾವು ಮೊದಲೇ ಮಾತಾಡಿಕೊಂಡವರು ಎಂಬುದು ಎರಡೂ ಮನೆಗೆ ಗೊತ್ತಿರಲಿಲ್ಲ. ಗೊತ್ತಾಗುವಂತೆಯೂ ಇರಲಿಲ್ಲ.

ಉಳಿದದ್ದು ವಿಚಾರಿಸುವ ಶಾಸ್ತ್ರ. ಗಂಡಿನ ಕಡೆಯ ಹೆಂಗಸೊಬ್ಬಳು ಹೆಣ್ಣಿನ ಓಣಿಗೆ ಬಂದು, ಬಾಡಿಗೆಗೆ ಮನೆ ಇದೆಯೇ ಎಂದೋ ನೀರು ಕೊಡಿ ಎಂದೋ ಕಟ್ಟೆಯ ಮೇಲೆ ಕೂಡುತ್ತಾಳೆ. ಯಾಕೆ ಬಂದಿದ್ದಾಳೆ ಎಂದು ಇಡೀ ಓಣಿಗೆ ಗೊತ್ತಿರುತ್ತದೆ. ಯಾರೂ ಗೊತ್ತಿದ್ದಂತೆ ತೋರಿಸುವುದಿಲ್ಲ. ಹುಡುಗಿಯ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಅದು ಓಣಿಯ ಧರ್ಮ. ಬಂದವಳು ಅವನ ಸೋದರತ್ತೆ, ಇಂಡಿ ಊರಿನವಳು. ಕೂತದ್ದು ನಮ್ಮ ಎದುರುಮನೆಯ ಕಾಕುವಿನ ಕಟ್ಟೆಯ ಮೇಲೆ. ಕಾಕು ನನ್ನನ್ನು ಎತ್ತಿ ಆಡಿಸಿದವಳು. ಧರ್ಮವನ್ನು ಮನಸಾರೆ ಪಾಲಿಸಿದಳು.

ಕೆಲವು ದಿನಗಳ ನಂತರ ಮುದ್ದೇಬಿಹಾಳದಿಂದ ಸುದ್ದಿ ಬಂತು: "ಮೊದಲ ಹುಡುಗಿ ತಬ್ಯೇತ ನೋಡ್ಕೊಳ್ರಿ, ಮುಂದಿಂದು ಮುಂದ."

ಅವ್ವ ನೇರ ಎದುರುಮನೆಗೆ ಹೋದಳು. ನಾನು ಬೆನ್ನಿಗೆ.

"ನೀ ಆಕಿ ಮುಂದ ಏನಂದಿ?"

"ನಾ ಏನ್ ಕೆಟ್ಟ ಅಂದೇನಿ? ಹುಡುಗಿ ಅಪ್ಪಟ ಬಂಗಾರ ಅಂದೆ. ಥಂಡಿ ಬಂತಂದ್ರ ಪಾಪ ದಿನಾ ಕಾಫಿ ಕುಡಿತೈತಿ, ಆದ್ರೂ ಒಂದಿನಾ ಸಾಲಿ ತಪ್ಸೂದಿಲ್ಲ ಅಂದೆ. ಇದರಾಗ ಏನ್ ತಪ್ಪೈತಿ?"

"ಆಕಿ ರುಚಿಗೆ ಕುಡಿತಾಳ!"

ಕಾಕು ನನ್ನನ್ನು ನೋಡಿದಳು. ಕಣ್ಣಲ್ಲಿ ನೀರು ಬರುವಷ್ಟು ಪ್ರೀತಿಯಿಂದ ನೋಡಿದಳು. "ನನ್ನ ಮುಂದ ಯಾಕ ಮುಚ್ಚತಿ ಯವ್ವಾ? ನಾ ಏನ್ ಹೊರಗಿನಾಕೇನು? ನಮ್ಮ ಅತ್ತಿಗೂ ದಮ್ಮಿತ್ತು. ಎಂಟು ಹಡದು ಮುದುಕಿ ಆಗಿ ಹ್ವಾದ್ಲು."

"ಕಾಕು, ನನಗ ದಮ್ಮಿಲ್ಲ" ಅಂದೆ.

"ಇಲ್ಲ ಬಿಡವಾ. ಯಾರಂದ್ರು ಐತಿ ಅಂತ?"

ಉಬ್ಬಸದಂಥ ಜಡ್ಡು ಇದ್ದವರು ಇದೆ ಅನ್ನುವುದಿಲ್ಲ. ಇಲ್ಲದವರೂ ಇದೆ ಅನ್ನುವುದಿಲ್ಲ. ಹಾಗಾದರೆ ಇಲ್ಲ ಅನ್ನುವುದಕ್ಕೆ ಬೆಲೆ ಎಲ್ಲಿಂದ ಬರಬೇಕು? ದನಿ ಎತ್ತಿದಷ್ಟೂ ನನಗೇ ಉಸಿರು ಹತ್ತುತ್ತಿತ್ತು, ಅದನ್ನೂ ಅವರು ಗಮನಿಸುತ್ತಿದ್ದರು.

ಅವ್ವ ಒಂದು ಉಪಾಯ ಹೂಡಿದಳು. ಇಂಡಿಯ ಆ ಅತ್ತೆಯನ್ನೇ ಮನೆಗೆ ಕರೆಯುವುದು, ಅವಳ ಕಣ್ಣೆದುರು ಮನೆಮಂದಿಯೆಲ್ಲ ಕಾಫಿ ಕುಡಿಯುವುದು. ಕಾಫಿ ನಮ್ಮ ಮನೆಯ ರೂಢಿ ಎಂದು ತಿಳಿದರೆ ಸಂಶಯ ಹೋಗುತ್ತದೆ. ಆ ಅತ್ತೆ ಒಂದು ಚೀಲ ತಮ್ಮೂರಿನ ನಿಂಬೆಹಣ್ಣು ಹಿಡಿದುಕೊಂಡು ಬಂದಳು. ಅವಳಿಗೆ ಚಹಾ, ನಮಗೆ ಕಾಫಿ. ಅಪ್ಪ ಜೀವಮಾನದಲ್ಲಿ ಹಾಲಿನ ಕಾಫಿ ಮುಟ್ಟಿದವನಲ್ಲ. ಕಣ್ಣು ಮುಚ್ಚಿ, ಮೂಗು ಬಿಗಿಹಿಡಿದು, ಒಂದೇ ಗುಟುಕಿಗೆ ಇಳಿಸಿ ಬಾಯಿ ಒರೆಸಿಕೊಂಡ. ಅಜ್ಜ ಅರ್ಧ ಕುಡಿದು ಅಭ್ಯಾಸಬಲದಿಂದ ಕೌದಿ ಹೊದ್ದು ಮಲಗಿಬಿಟ್ಟ.

ಅತ್ತೆ ಬಸಿಯಲ್ಲಿ ಚಹಾ ಆರಿಸುತ್ತ ಎಲ್ಲರನ್ನೂ ನೋಡಿದಳು. "ಹಂಗಾರ" ಎಂದು ಮೆಲ್ಲಗೆ ಕೇಳಿದಳು, "ಇದು ಮನಿತನದಾಗ ಬಂದದ್ದೇನ್ರಿ?"

ಈಗ ನಗು ಬರುತ್ತದೆ. ಅವತ್ತು ಬರಲಿಲ್ಲ. ಈ ಪ್ರಸಂಗವನ್ನು ನಗೆಯಾಗಿಯೇ ಹೇಳುತ್ತ ಬಂದದ್ದರಿಂದ ಅವತ್ತಿನ ನನ್ನ ಮುಖ ನನಗೇ ಕಾಣದಾಗಿದೆ. ಹಲ್ಲು ಕಚ್ಚಿದ್ದರಿಂದ ಸಂಜೆಯವರೆಗೆ ದವಡೆ ನೋಯುತ್ತಿದ್ದದ್ದು ಮಾತ್ರ ನೆನಪಿದೆ.

ನನಗೆ ಉಳಿದಿದ್ದದ್ದು ಒಂದೇ ಆಸೆ: ಅವನು ಬಾಯಿ ಬಿಡಬೇಕು. ನಾನು ಕಾಫಿ ಯಾಕೆ ಕುಡಿಯುತ್ತೇನೆಂದು ಆ ಮನೆಯಲ್ಲಿ ಬಲ್ಲವನು ಅವನೊಬ್ಬನೇ. ಅವನ ಮನೆಯಲ್ಲಿ ಅವನೊಂದು ಮಾತು ಹೇಳಿದರೆ ಮುಗಿಯುತ್ತಿತ್ತು. ತರಬೇತಿಯಲ್ಲಿ ನಮ್ಮಿಬ್ಬರನ್ನೂ ಕಂಡಿದ್ದ ಆ ಹಿರಿಯ ಮಾಸ್ತರರ ಮೂಲಕ ಕೇಳಿಸಿದೆ. ಉತ್ತರ ಬಂತು: "ನಾ ಹೆಂಗ ಹೇಳ್ಲಿ? ಬಾಗೇವಾಡ್ಯಾಗ ಕೂಡಿ ಕೂತಿದ್ದು ಗೊತ್ತಾಕ್ಕೈತಿ. ನೀವ ಒಂದಿಷ್ಟ ದಿನ ಕಾಫಿ ಬಿಟ್ಟಬಿಡ್ರಿ."

ಅವನ ಕಷ್ಟ ಅರ್ಥವಾಗದ್ದೇನಲ್ಲ. ನಾನೂ ಮನೆಯಲ್ಲಿ ಹೇಳಿರಲಿಲ್ಲವಲ್ಲ. ಬಿಟ್ಟೆ. ಪುಡಿಯ ಡಬ್ಬಿಯನ್ನು ಅವ್ವ ಜೋಳದ ಚೀಲಗಳ ಹಿಂದೆ ಇಟ್ಟಳು. ಮುಂಜಾನೆ ಕಂಬಕ್ಕೆ ಒರಗಿ ಕೂತರೆ ಕೈಯಲ್ಲಿ ಚಹಾದ ಕಪ್ಪು. ತಲೆ ಸಿಡಿಯುತ್ತಿತ್ತು. ತಲೆನೋವು ಎಂದು ಬಾಯಿ ಬಿಡುವಂತಿರಲಿಲ್ಲ, ಅದೂ ಒಂದು ಜಡ್ಡೇ.

ಸಂಕ್ರಮಣ ಕಳೆದ ಮೇಲೆ ಮುದ್ದೇಬಿಹಾಳದವರೇ ಮತ್ತೆ ಹೇಳಿಕಳಿಸಿದರು, ಹುಡುಗಿ ನೋಡಲು ಬರುತ್ತೇವೆ ಎಂದು. ಕಾಕುವೇ ಕಾರಣ. ನಮ್ಮ ಮನೆಯಿಂದ ವಾಸನೆ ನಿಂತದ್ದನ್ನು ಕಂಡು, ಹುಡುಗಿ ಗುಣವಾದಳು ಎಂದು ಸಿಕ್ಕವರಿಗೆಲ್ಲ ಹೇಳಿದ್ದಳು.

ಅವನು, ಅವನ ತಂದೆ, ಅತ್ತೆ ಬಂದರು. ನಾನು ಎದುರಿಗೆ ಕೂತೆ. ಅತ್ತೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಈಗ ಮಾರಿ ಮ್ಯಾಲ ಕಳೆ ಬಂದೈತಿ ನೋಡ್ರಿ. ಯಾರ ಔಷಧ ಹತ್ತಿತ್ರಿ?"

ಅವ್ವ ಸೋತಿದ್ದಳು. "ಮನಿ ಔಷಧನ ರೀ" ಅಂದಳು.

ನಾನು ಅವನನ್ನು ನೋಡಿದೆ. ಅವನು ಗೋಡೆಯ ಗಡಿಯಾರವನ್ನು ನೋಡುತ್ತಿದ್ದ.

ಎದ್ದು ಒಳಗೆ ಹೋದೆ. ಜೋಳದ ಚೀಲ ಸರಿಸಿ ಡಬ್ಬಿ ತೆಗೆದೆ. ಫಿಲ್ಟರಿಗೆ ಕಾಯುವಷ್ಟು ಹೊತ್ತಿರಲಿಲ್ಲ, ಪುಡಿಯನ್ನು ಕುದಿಸಿ ಬಟ್ಟೆಯಲ್ಲಿ ಸೋಸಿದೆ. ಮೂವರಿಗೂ ಚಹಾ ಒಯ್ಯಬಹುದಿತ್ತು. ನಾನು ಇಬ್ಬರಿಗೆ ಚಹಾ, ಅವನಿಗೆ ಕಾಫಿ ಮಾಡಿ ಒಯ್ದೆ. ಕುಡಿದರೆ ಸಾಕಿತ್ತು. ಒಂದು ಮಾತೂ ಆಡಬೇಕಿರಲಿಲ್ಲ.

ಅವನು ಕಪ್ಪಿನೊಳಗೆ ನೋಡಿದ, ಅತ್ತೆಯ ಕಡೆ ನೋಡಿದ. "ಕಾಫಿ ನನಗ ಆಗಿ ಬರೂದಿಲ್ಲರೀ. ಚಹಾನ ಇರ್ಲಿ."

"ಅಯ್ಯ, ನಮ್ಮ ಹುಡುಗಗ ಏನ್ ಬ್ಯಾನಿ ಆಗೈತಂತ ಕಾಫಿ ಕೊಡ್ತಿ ತಂಗಿ?" ಎಂದು ಅತ್ತೆ ನಕ್ಕಳು. ಎಲ್ಲರೂ ನಕ್ಕರು. ಅವನೂ ನಕ್ಕ.

ಇಲ್ಲಿ ನಾನು ಕಪ್ಪನ್ನು ನೆಲಕ್ಕೆ ಒಗೆದೆ ಎಂದು ಬರೆಯುವ ಆಸೆ ಇದೆ. ಒಗೆಯಲಿಲ್ಲ. ಒಳಗೆ ಹೋಗಿ ಶುಂಠಿ ಜಜ್ಜಿ ಚಹಾ ಮಾಡಿ ತಂದುಕೊಟ್ಟೆ, ಅವನು ಕುಡಿದ. ಅವನು ಬಿಟ್ಟ ಕಾಫಿಯನ್ನು ಒಲೆಯ ಮುಂದೆ ನಿಂತು ನಾನೇ ಕುಡಿದೆ. ಆರಿ ಕೆನೆ ಕಟ್ಟಿತ್ತು. ಆದರೂ ಚೆನ್ನಾಗಿತ್ತು ಎಂಬುದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಅವರು ಹೋದ ಮೇಲೆ ಅಪ್ಪ ಪಂಚಾಂಗ ತೆಗೆದ. ನಾನು ಬೇಡ ಅಂದೆ.

"ಏನ್ ಬ್ಯಾಡ?"

"ಆ ಹುಡುಗ ಬ್ಯಾಡ."

"ಈಗರೆ ಎಲ್ಲಾ ಸರಿ ಆತಲ್ಲ ಯವ್ವಾ. ಅವರು ಹೂಂ ಅಂದಾರ."

"ನಾ ಹೂಂ ಅಂದಿಲ್ಲ."

ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಪ್ಪ ಕೆಟ್ಟವನಲ್ಲ, ಕೊನೆಗೆ ಒಪ್ಪಿದ. ಮುದ್ದೇಬಿಹಾಳಕ್ಕೆ ಫೋನ್ ಮಾಡಲು ಮುಖ್ಯರಸ್ತೆಯ ಎಸ್‌ಟಿಡಿ ಬೂತಿಗೆ ಹೊರಟಾಗ ನಾನೂ ಹೋದೆ.

"ಏನಂತ ಹೇಳ್ಲಿ?" ದಾರಿಯಲ್ಲಿ ಕೇಳಿದ.

"ಹುಡುಗಿಗೆ ಮನಸಿಲ್ಲ ಅಂತ ಹೇಳು. ಖರೇ ಅದ ಐತಿ."

ಅಪ್ಪ ತಲೆ ಆಡಿಸಿದ. ಗಾಜಿನ ಗೂಡಿನೊಳಗೆ ಹೋಗಿ ಬಾಗಿಲು ಎಳೆದುಕೊಂಡ. ಬಾಗಿಲು ಪೂರ್ತಿ ಹಾಕಿಕೊಳ್ಳುತ್ತಿರಲಿಲ್ಲ, ಮಾತು ಕೇಳಿಸುತ್ತಿತ್ತು.

"ಹಲೋ... ಹೌದ್ರಿ, ಸಿಂದಗಿಯಿಂದ. ಏನಿಲ್ಲರೀ, ಒಂದು ಮಾತ ಹೇಳೂದಿತ್ತು. ನಮ್ಮ ಹುಡುಗಿಗೆ..." ರಿಸೀವರನ್ನು ಇನ್ನೊಂದು ಕಿವಿಗೆ ಹಿಡಿದ. "ಹುಡುಗಿಗೆ ಮತ್ತ ಆರಾಮಿಲ್ಲರೀ. ಹೌದ್ರಿ. ಹೌದ್ರಿ, ಅದ ಥಂಡಿ ಜಡ್ಡು."

ನಾನು ಗಾಜು ಬಡಿದೆ. ಅಪ್ಪ ಬೆನ್ನು ತಿರುಗಿಸಿ ನಿಂತು, ಒಂದು ಕೈ ಹಿಂದಕ್ಕೆ ಚಾಚಿ, ತಡಿ, ಮುಗೀತು ಎಂಬಂತೆ ಆಡಿಸಿದ.